ನೋವಿಲ್ಲದ ಗಂಟು, ಊರಿನ ಮೆಡಿಕಲ್ ಅಂಗಡಿ

ಸ್ತನ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಅಪಾಯ ಇರುವುದೂ ಅಲ್ಲಿಯೇ. ನೋವು ಬಂದರೆ ದವಾಖಾನೆಗೆ ಓಡುವವರೂ ಗಂಟು ನೋಯದಿದ್ದರೆ ಹತ್ತಿ ಬಿಡಿಸುವುದು ಮುಗಿಯಲಿ, ಭತ್ತದ ರಾಶಿಯಾಗಲಿ ಎಂದು ದಿನ ದೂಡುತ್ತಾರೆ. ಭಾರತೀಯ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದು. 2022ರ ಅಂದಾಜಿನಂತೆ ಆ ಒಂದೇ ವರ್ಷ ದೇಶದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಪತ್ತೆಯಾಯಿತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ಗಂಡಸರಿಗೂ ಬರುತ್ತದೆ, ಆದರೆ ತೀರಾ ಅಪರೂಪ.

ಗಮನಿಸಬೇಕಾದ ಚಿಹ್ನೆಗಳನ್ನು ಯಾರು ಬೇಕಾದರೂ ಕಲಿಯಬಹುದು. ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಟ್ಟಿ ಗಂಟು, ಚರ್ಮ ಒಳಕ್ಕೆ ಎಳೆದಂತಾಗುವುದು ಅಥವಾ ಕಿತ್ತಳೆ ಸಿಪ್ಪೆಯಂತೆ ಒರಟಾಗುವುದು, ಹೊಸದಾಗಿ ತೊಟ್ಟು ಒಳಗೆ ಸೇರಿಕೊಳ್ಳುವುದು, ತೊಟ್ಟಿನಿಂದ ರಕ್ತ ಬೆರೆತ ಸ್ರಾವ, ವಾಸಿಯಾಗದ ಹುಣ್ಣು. ಬಹುಪಾಲು ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದು ಮುಟ್ಟಿ ನೋಡಿದ ಮಾತ್ರಕ್ಕೆ ತಿಳಿಯದು. ಸ್ಕ್ಯಾನಿಂಗ್ ಮತ್ತು ಬಯಾಪ್ಸಿ ಬೇಕು.

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಈ ಪರೀಕ್ಷೆಗಿಂತ ಮೊದಲು ಸಿಗುವುದು ಮೆಡಿಕಲ್ ಅಂಗಡಿ. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆಗೆ ವೈದ್ಯಕೀಯ ಕಾಲೇಜು ಬಂದದ್ದು ಈಚೆಗೆ. ಕ್ಯಾನ್ಸರ್ ಎಂದು ಗೊತ್ತಾದವರು ಚಿಕಿತ್ಸೆಗೆ ಹೆಚ್ಚಾಗಿ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಬೆಂಗಳೂರಿಗೋ ಹೋಗಬೇಕು. ಅಷ್ಟು ದೂರದ ಮೊದಲ ಹೆಜ್ಜೆ ತಡವಾಗುವುದೂ ಬೇಗ ಆಗುವುದೂ ಎಷ್ಟೋ ಸಲ ಅಂಗಡಿಯ ಕಟ್ಟೆಯ ಮುಂದೆ ನಿರ್ಧಾರವಾಗುತ್ತದೆ.

ಗಂಟಿಗೆ ಮುಲಾಮು ಕೇಳಲು ಬರುವವರು ಅನೇಕ ವೇಳೆ ರೋಗಿಯಲ್ಲ, ಗಂಡ ಅಥವಾ ಮಗ. 'ಎದಿಯಾಗ ಗಂಟಾಗ್ಯದ, ಕರಗೋ ಗುಳಿಗಿ ಕೊಡ್ರಿ' ಎಂದರೆ ಫಾರ್ಮಸಿಸ್ಟ್ ಕೊಡಬೇಕಾದದ್ದು ಆಂಟಿಬಯೋಟಿಕ್ ಅಲ್ಲ. ಎಷ್ಟು ದಿನದಿಂದ ಇದೆ, ದೊಡ್ಡದಾಗುತ್ತಿದೆಯೇ ಎಂದು ಕೇಳಿ, ಆಕೆಯನ್ನೇ ಈ ವಾರವೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಲು ಹೇಳುವುದೇ ಅಲ್ಲಿ ಔಷಧ. ಆಕೆಯೇ ಬಂದಿದ್ದರೆ ಗಿರಾಕಿಗಳ ನಡುವೆ ಮಾತಾಡಿಸದೆ ಸ್ವಲ್ಪ ಬದಿಗೆ ಕರೆದು, ದನಿ ತಗ್ಗಿಸಿ ಕೇಳಬೇಕು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ರೋಗಿಗೆ ತಿಳಿಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದೇ ಹೇಳಿದೆ.

ಬೇಗ ಕಂಡುಹಿಡಿಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಮುಂಬೈನಲ್ಲಿ 1998ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಆರಂಭಿಸಿದ ಅಧ್ಯಯನದಲ್ಲಿ ಸುಮಾರು 1.5 ಲಕ್ಷ ಮಹಿಳೆಯರಿದ್ದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದ ಗುಂಪಿನಲ್ಲಿ, 50 ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು, 50ರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ರಾಷ್ಟ್ರೀಯ ಕಾರ್ಯಕ್ರಮದಡಿ 30 ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಇದೇ ಬಗೆಯ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಇದನ್ನು ಹೇಳಲು ಬಿ.ಪಿ., ಶುಗರ್ ಗುಳಿಗೆಗೆಂದು ತಿಂಗಳಿಗೊಮ್ಮೆ ಬರುವ ಅವ್ವಂದಿರಿಗಿಂತ ಒಳ್ಳೆಯ ಕೇಳುಗರು ಸಿಗಲಾರರು.

ಶಸ್ತ್ರಚಿಕಿತ್ಸೆ, ಕಿಮೋ ಮುಗಿದು ಊರಿಗೆ ಮರಳಿದ ಮೇಲೆ ಫಾರ್ಮಸಿಸ್ಟರ ಕೆಲಸ ಇನ್ನಷ್ಟು ಹೆಚ್ಚುತ್ತದೆ. ಹಾರ್ಮೋನಿಗೆ ಸ್ಪಂದಿಸುವ ಬಗೆಯ ಗೆಡ್ಡೆಯಿದ್ದವರು ಟ್ಯಾಮಾಕ್ಸಿಫೆನ್ ಅಥವಾ ಲೆಟ್ರೋಜೋಲ್‌ನಂಥ ಗುಳಿಗೆಯನ್ನು ದಿನವೂ ಐದು ವರ್ಷ, ಕೆಲವರು ಹತ್ತು ವರ್ಷ ನುಂಗಬೇಕು. ಹುಷಾರಾದೆ ಎನ್ನಿಸಿದಾಗ, ಇಲ್ಲವೇ ದುಡಿಯಲು ಬೆಂಗಳೂರಿಗೆ, ಪುಣೆಗೆ ಗುಳೆ ಹೋದಾಗ ಅದು ನಿಂತುಹೋಗುತ್ತದೆ. ನಿಂತರೆ ರೋಗ ಮರುಕಳಿಸುವ ಸಾಧ್ಯತೆ ಹೆಚ್ಚು. 30 ಗುಳಿಗೆ ಒಯ್ದವರು ತಿಂಗಳಾದರೂ ಬರದಿದ್ದರೆ ಅಂಗಡಿಯ ವಹಿಯಲ್ಲೇ ಅದು ಕಾಣುತ್ತದೆ. ಒಂದು ಫೋನ್ ಮಾಡಿದರೆ ಸಾಕು. ಊರು ಬಿಡುವವರಿಗೆ ಚೀಟಿಯ ನಕಲಿನೊಂದಿಗೆ ಹೆಚ್ಚಿನ ದಿನಕ್ಕಾಗುವಷ್ಟು ಔಷಧ ಬರೆಸಿಕೊಳ್ಳಲು ಹೇಳಬಹುದು.

2011ರ ಜನಗಣತಿಯಲ್ಲಿ ಯಾದಗಿರಿಯ ಮಹಿಳಾ ಸಾಕ್ಷರತೆ ಶೇ. 41ರ ಆಸುಪಾಸಿನಲ್ಲಿತ್ತು. ಹೀಗಿರುವಾಗ ಸ್ಟ್ರಿಪ್ ಮೇಲಿನ ಇಂಗ್ಲಿಷ್ ಅಕ್ಷರ ಅನೇಕರಿಗೆ ಬರೀ ಗೆರೆ. ಲಕೋಟೆಯ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆದು, ಹೇಗೆ ತಗೊಳ್ತೀರಿ ಎಂದು ರೋಗಿಯಿಂದಲೇ ಹೇಳಿಸಿದರೆ ತಪ್ಪು ಕಡಿಮೆ.

ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಆಗಾಗ ಮೈ ಬಿಸಿಯೇರಿದಂತಾಗುವುದು ಸಾಮಾನ್ಯ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಒಂದೇ ಕಾಲು ಬಾತು ನೋಯುತ್ತಿದ್ದರೆ, ಏಕಾಏಕಿ ಉಸಿರು ಕಟ್ಟಿದರೆ ತಡಮಾಡದೆ ವೈದ್ಯರಲ್ಲಿಗೆ ಕಳಿಸಬೇಕು. ಖಿನ್ನತೆಗೆ ಕೊಡುವ ಪ್ಯಾರಾಕ್ಸಿಟೀನ್, ಫ್ಲುಆಕ್ಸಿಟೀನ್ ಈ ಗುಳಿಗೆಯ ಬಲವನ್ನು ತಗ್ಗಿಸಬಲ್ಲವು. ಇವುಗಳಲ್ಲಿ ಯಾವುದಾದರೂ ಟ್ಯಾಮಾಕ್ಸಿಫೆನ್ ಜೊತೆ ಒಂದೇ ಚೀಟಿಯಲ್ಲಿದ್ದರೆ ವೈದ್ಯರಿಗೆ ಫೋನ್ ಮಾಡಿ ಕೇಳಬೇಕು. ಲೆಟ್ರೋಜೋಲ್ ಕೀಲುನೋವು ತರುತ್ತದೆ, ಮೂಳೆ ಸವೆಸುತ್ತದೆ. ಕಿಮೋ ನಡೆಯುತ್ತಿರುವವರಿಗೆ 100.4 ಡಿಗ್ರಿ ಮುಟ್ಟಿದ ಜ್ವರ ತುರ್ತು ಸ್ಥಿತಿ. ಅದಕ್ಕೆ ಪ್ಯಾರಾಸಿಟಮಾಲ್ ಕೊಟ್ಟು ಮನೆಗೆ ಕಳಿಸಿದರೆ ಜ್ವರ ಮರೆಯಾಗಿ ಸೋಂಕು ಒಳಗೇ ಬೆಳೆಯಬಹುದು.

ಖರ್ಚಿನ ಭಯಕ್ಕೂ ಉತ್ತರ ಗೊತ್ತಿರಬೇಕು. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ದೊಡ್ಡ ಆಸ್ಪತ್ರೆಗೆ ಹೋಗುವ ಮೊದಲು ರೇಷನ್ ಕಾರ್ಡ್, ಆಧಾರ್ ಜೊತೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನೂ ಇಟ್ಟುಕೊಳ್ಳಬೇಕು.