ಸೆಕೆಂಡಿಗೆ ಇಪ್ಪತ್ತು ಚಿತ್ರ, ಆದರೂ ತಪ್ಪುವ ಕ್ಷಣ

‘ಸೆಕೆಂಡಿಗೆ 120 ಫ್ರೇಮ್ ಹೊಡೆಯೋ ಕ್ಯಾಮೆರಾ ತಗೊಂಡ್ರೆ ಟರ್ನ್ ನೀರಿಗೆ ಬೀಳೋ ಫೋಟೊ ಗ್ಯಾರಂಟಿ ಸಿಗುತ್ತಾ ಸಾರ್?’ ಭದ್ರಾವತಿಯ ಯುವ ಓದುಗರೊಬ್ಬರ ಪ್ರಶ್ನೆ ಇದು. ಕೇಳಿದ್ದರಲ್ಲಿ ಅರ್ಥವಿದೆ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದು ನಡುಗಡ್ಡೆಗಳು ಮೇಲೆದ್ದರೆ ಸಾಕು, ರಿವರ್ ಟರ್ನ್ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆಯಿಡಲು ಗುಂಪುಗುಂಪಾಗಿ ಬಂದಿಳಿಯುತ್ತವೆ. ಹಿಂದೆಯೇ ಉದ್ದುದ್ದ ಲೆನ್ಸ್ ಹೊತ್ತವರು ಅಣೆಕಟ್ಟೆಯ ಬಳಿಯ ಬಿಆರ್‌ಪಿ ದಾಟಿ ಲಕ್ಕವಳ್ಳಿಯ ದೋಣಿಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಗಂಡು ಹೆಣ್ಣಿಗೆ ಮೀನು ತಂದುಕೊಡುವುದು, ಜಾಗಕ್ಕಾಗಿ ಗಾಳಿಯಲ್ಲೇ ನಡೆಯುವ ಜಗಳ, ರೆಕ್ಕೆ ಮಡಚಿ ನೀರಿಗೆ ಧುಮುಕುವುದು, ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ವ್ಯವಹಾರ. ಬಟನ್ ಒತ್ತಿ ಹಿಡಿದರೆ ಚಿತ್ರಗಳ ಸರಮಾಲೆಯನ್ನೇ ತೆಗೆಯುವ ‘ಬರ್ಸ್ಟ್ ಮೋಡ್’ ಇರುವುದೇ ಇಂಥದ್ದಕ್ಕೆ.

ಗ್ಯಾರಂಟಿಯ ಮಾತು ಮಾತ್ರ ಬೇರೆ. ಸ್ವಲ್ಪ ಲೆಕ್ಕ ಹಾಕಿ ನೋಡಬಹುದು.

ಐದು ಮೀಟರ್ ಎತ್ತರದಿಂದ ಹಕ್ಕಿ ನೇರವಾಗಿ ಬಿದ್ದಿತೆನ್ನಿ. ಗಾಳಿಯ ತಡೆಯನ್ನು ಬಿಟ್ಟುಬಿಟ್ಟರೆ ನೀರು ಮುಟ್ಟಲು ಅದಕ್ಕೆ ಬೇಕಾಗುವುದು ಒಂದು ಸೆಕೆಂಡ್. ಮುಟ್ಟುವ ಹೊತ್ತಿಗೆ ವೇಗ ಗಂಟೆಗೆ ಸುಮಾರು 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್. ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಹೋಗುವಷ್ಟರಲ್ಲಿ ಹಕ್ಕಿ ಅರ್ಧ ಮೀಟರ್ ಕೆಳಗಿಳಿದಿರುತ್ತದೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅದರ ಉದ್ದವೇ ಸುಮಾರು 40 ಸೆಂಟಿಮೀಟರ್! ಒಂದು ಚಿತ್ರದಲ್ಲಿ ಕೊಕ್ಕು ನೀರಿನಿಂದ ಒಂದಡಿ ಮೇಲಿದ್ದರೆ, ಮುಂದಿನದರಲ್ಲಿ ಅರ್ಧ ಹಕ್ಕಿ ನೀರೊಳಗೆ. ಕೊಕ್ಕಿನ ತುದಿ ನೀರನ್ನು ತಾಗುವ ಆ ಚಿತ್ರ ಎರಡರ ನಡುವೆ ಎಲ್ಲೋ ಬಿದ್ದುಹೋಗಿದೆ.

ಇಲ್ಲಿ ಅನೇಕರು ಎರಡು ಸಂಖ್ಯೆಗಳನ್ನು ಒಂದೆಂದು ತಿಳಿದಿರುತ್ತಾರೆ. ಚಲನೆಯನ್ನು ‘ನಿಲ್ಲಿಸುವುದು’ ಶಟರ್ ವೇಗ. ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಧುಮುಕುವ ಹಕ್ಕಿಯನ್ನು 1/250 ಸೆಕೆಂಡಿನಲ್ಲಿ ತೆಗೆದರೆ ಅಷ್ಟರಲ್ಲೇ ಅದು 4 ಸೆಂಟಿಮೀಟರ್ ಸರಿದು ಚಿತ್ರ ಕಲಸಿಹೋಗುತ್ತದೆ. ಸೆಕೆಂಡಿಗೆ ನೂರು ಚಿತ್ರ ತೆಗೆದರೂ ನೂರೂ ಕಲಸಿಯೇ ಇರುತ್ತವೆ. ಅದೇ 1/2000ರಲ್ಲಾದರೆ ಸರಿಯುವುದು 5 ಮಿಲಿಮೀಟರ್ ಮಾತ್ರ. ಈಗ ತಮಾಷೆ ನೋಡಿ: 1/2000ರಂತೆ 20 ಚಿತ್ರ ತೆಗೆದ ಕ್ಯಾಮೆರಾ ಆ ಒಂದು ಸೆಕೆಂಡಿನಲ್ಲಿ ಕಣ್ಣು ತೆರೆದಿದ್ದ ಹೊತ್ತು ಒಟ್ಟು ನೂರನೆಯ ಒಂದು ಭಾಗ. ಉಳಿದ ಶೇ. 99ರಷ್ಟು ಸಮಯ ಅದು ಏನನ್ನೂ ನೋಡಿಲ್ಲ. ಬರ್ಸ್ಟ್ ಎಂದರೆ ಕ್ಷಣವನ್ನು ಹಿಡಿಯುವ ಯಂತ್ರವೆಂದು ಜಾಹೀರಾತು ಹೇಳುತ್ತದೆ. ನಿಜಕ್ಕೂ ಅದು ಕ್ಷಣಗಳ ರಾಶಿಯಿಂದ ಅಲ್ಲೊಂದು ಇಲ್ಲೊಂದು ಹೆಕ್ಕುವ ಯಂತ್ರ.

ಹೀಗೆ ಹೆಕ್ಕುವ ಹುಚ್ಚು ಶುರುವಾದದ್ದು ಕುದುರೆಯಿಂದ, ಬೆಳೆದದ್ದು ಹಕ್ಕಿಯಿಂದ. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ಹಾದಿಯ ಪಕ್ಕದಲ್ಲಿ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಓಡುವ ಕುದುರೆಯ ನಾಲ್ಕೂ ಕಾಲುಗಳು ಒಮ್ಮೆ ನೆಲ ಬಿಟ್ಟಿರುತ್ತವೆ ಎಂಬುದನ್ನು ತೋರಿಸಿಕೊಟ್ಟ. ಪ್ಯಾರಿಸ್‌ನ ಶರೀರ ವಿಜ್ಞಾನಿ ಎತಿಯೆನ್ ಜೂಲ್ ಮಾರೆ ಆ ಚಿತ್ರಗಳನ್ನು ಪತ್ರಿಕೆಯಲ್ಲಿ ಕಂಡು ಹಿಗ್ಗಿದ. ಹಾರುವ ಹಕ್ಕಿಗಳನ್ನೂ ಹೀಗೆ ತೆಗೆಯಲಾದೀತೇ ಎಂದು ಕೇಳಿದ. ಆದರೆ ಕುದುರೆಯೇನೋ ಕ್ಯಾಮೆರಾ ಸಾಲಿನ ಮುಂದೆಯೇ ಓಡುತ್ತದೆ, ಹಕ್ಕಿಗೆ ಅಂಥ ಶಿಸ್ತು ಎಲ್ಲಿದೆ? ಮೈಬ್ರಿಜ್ ತೋರಿಸಿದ ಹಕ್ಕಿಯ ಚಿತ್ರಗಳು ಮಾರೆಗೆ ಸಾಕೆನಿಸಲಿಲ್ಲ. 1882ರಲ್ಲಿ ಅವನೇ ಒಂದು ಬಂದೂಕು ತಯಾರಿಸಿದ. ನಳಿಗೆಯಲ್ಲಿ ಲೆನ್ಸ್, ಗುಂಡಿನ ಜಾಗದಲ್ಲಿ ತಿರುಗುವ ಗಾಜಿನ ಫಲಕ. ಟ್ರಿಗರ್ ಎಳೆದರೆ ಸೆಕೆಂಡಿಗೆ 12 ಚಿತ್ರ, ಪ್ರತಿಯೊಂದಕ್ಕೂ 1/720 ಸೆಕೆಂಡ್. ನೇಪಲ್ಸ್ ಬಳಿಯ ಪೊಸಿಲ್ಲಿಪೊದಲ್ಲಿ ಅವನು ಕಡಲಹಕ್ಕಿಗಳತ್ತ ಬಂದೂಕು ತಿರುಗಿಸಿ, ಒಂದನ್ನೂ ಬೀಳಿಸದೆ ಸಂತೋಷದಿಂದ ಮನೆಗೆ ಮರಳುವುದನ್ನು ಕಂಡ ಊರಿನವರು ‘ಪೊಸಿಲ್ಲಿಪೊದ ಪೆದ್ದ’ ಎಂದು ನಗುತ್ತಿದ್ದರಂತೆ. ಒಂದೇ ಲೆನ್ಸು, ಒಂದೇ ಗುರಿ, ಬೆರಳು ಒತ್ತಿದಷ್ಟು ಹೊತ್ತು ಚಿತ್ರ: ಇಂದಿನ ಬರ್ಸ್ಟ್ ಮೋಡಿನ ಮೂಲಪುರುಷ ಆ ಪೆದ್ದನೇ.

ಆಮೇಲಿನ 90 ವರ್ಷಗಳಲ್ಲಿ ಸ್ಥಿರಚಿತ್ರದ ಕ್ಯಾಮೆರಾಗಳು ಈ ವೇಗದಲ್ಲಿ ಅಂಥ ದೊಡ್ಡ ಜಿಗಿತವನ್ನೇನೂ ಕಾಣಲಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆಂದು ಕ್ಯಾನನ್ ರೂಪಿಸಿದ ವಿಶೇಷ ಎಫ್-1 ಕ್ಯಾಮೆರಾ ಸೆಕೆಂಡಿಗೆ 9 ಚಿತ್ರ ತೆಗೆಯುತ್ತಿತ್ತು. 36 ಚಿತ್ರಗಳ ರೋಲು ನಾಲ್ಕೇ ಸೆಕೆಂಡಿನಲ್ಲಿ ಖಾಲಿ!

ಹಾಗಾದರೆ ಆ ಕಾಲದ ಪತ್ರಿಕಾ ಛಾಯಾಗ್ರಾಹಕರು ಚೆಂಡು ಬ್ಯಾಟಿಗೆ ತಾಗುವ ಚಿತ್ರಗಳನ್ನು ಹೇಗೆ ತರುತ್ತಿದ್ದರು? ಉತ್ತರಕ್ಕೆ ಭದ್ರಾವತಿಯಲ್ಲೇ ಹುಟ್ಟಿದ ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ ಅವರ ಸ್ಕ್ವೇರ್ ಕಟ್ಟನ್ನೇ ತೆಗೆದುಕೊಳ್ಳಬಹುದು. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಬೆಂಕಿಯುಗುಳುತ್ತಿದ್ದಾಗ ತಂಡದ 190ರಲ್ಲಿ ಔಟಾಗದೆ 97 ಹೊಡೆದವರು ಅವರು. ಚೆಂಡು ಬ್ಯಾಟನ್ನು ತಾಗಿಕೊಂಡಿರುವುದು ಸುಮಾರು ಒಂದು ಮಿಲಿಸೆಕೆಂಡ್. ಇಪ್ಪತ್ತು ಫ್ರೇಮಿನ ಕ್ಯಾಮೆರಾದಲ್ಲಿ ಫ್ರೇಮಿನಿಂದ ಫ್ರೇಮಿಗೆ 50 ಮಿಲಿಸೆಕೆಂಡ್ ಅಂತರ. 1/2000 ಶಟರ್ ಇಟ್ಟು ಕಣ್ಣುಮುಚ್ಚಿ ಬಟನ್ ಒತ್ತಿ ಹಿಡಿದರೆ ನೂರು ಹೊಡೆತಗಳಲ್ಲಿ ಆ ಕ್ಷಣ ಸಿಗುವುದು ಮೂರರಲ್ಲಿ. 120 ಫ್ರೇಮಿಗೆ ಏರಿದರೆ ಹದಿನೆಂಟರಲ್ಲಿ. ಓದುಗರ ಪ್ರಶ್ನೆಗೆ ಗಣಿತ ಕೊಡುವ ಉತ್ತರವೂ ಇದೇ: ಆರು ಪಟ್ಟು ಲಾಭ, ಗ್ಯಾರಂಟಿ ಇಲ್ಲ. ಹಳೆಯ ಛಾಯಾಗ್ರಾಹಕ ಲಾಟರಿಗೆ ಕಾಯುತ್ತಿರಲಿಲ್ಲ. ಬೌಲರ್‌ನ ಲಯ, ಬ್ಯಾಟ್ಸ್‌ಮನ್‌ನ ಹಿಂಗಾಲಿನ ಚಲನೆ ನೋಡಿ ಹೊಡೆತಕ್ಕೆ ಮುಂಚೆಯೇ ಬೆರಳು ಒತ್ತುತ್ತಿದ್ದ. ಕಂಡದ್ದನ್ನು ತೆಗೆಯಹೊರಟರೆ ಅದು ಆಗಲೇ ಮುಗಿದಿರುತ್ತದೆ. ಮನುಷ್ಯನ ಕಣ್ಣಿನಿಂದ ಬೆರಳಿಗೆ ಸುದ್ದಿ ತಲುಪಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಧುಮುಕುವ ಟರ್ನ್ ಕೊನೆಯಲ್ಲಿ ಅಷ್ಟು ಹೊತ್ತಿಗೆ 1.8 ಮೀಟರ್ ಬಿದ್ದಿರುತ್ತದೆ.

ಇನ್ನು ಬಹಳ ಜನ ಗಮನಿಸದ ತೊಡಕು ಕ್ಯಾಮೆರಾದ ಹೊಟ್ಟೆಯಲ್ಲಿದೆ. 24 ಮೆಗಾಪಿಕ್ಸೆಲ್‌ನ ಒಂದು ಕಚ್ಚಾ ಚಿತ್ರ, ಅಂದರೆ ರಾ ಫೈಲು, ಪಿಕ್ಸೆಲ್‌ಗೆ 14 ಬಿಟ್‌ನಂತೆ ಕುಗ್ಗಿಸದೆ ಇಟ್ಟರೆ 42 ಮೆಗಾಬೈಟ್. ಸೆಕೆಂಡಿಗೆ 20 ಎಂದರೆ 840 ಮೆಗಾಬೈಟ್. ಸಾಮಾನ್ಯ ಯುಎಚ್‌ಎಸ್-1 ಎಸ್‌ಡಿ ಕಾರ್ಡ್ ಹೆಚ್ಚೆಂದರೆ ಸೆಕೆಂಡಿಗೆ 104 ಮೆಗಾಬೈಟ್ ತೆಗೆದುಕೊಂಡೀತು. ಶಿವಮೊಗ್ಗದ ಪತ್ರಿಕೆಗಳಲ್ಲಿ ಮಳೆಗಾಲವಿಡೀ ಜಲಾಶಯದ ಮಟ್ಟ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳಹರಿವು 840, ಹೊರಹರಿವು 104. ನಡುವೆ ಇರುವ ಜಲಾಶಯವೇ ‘ಬಫರ್’ ಎಂಬ ತಾತ್ಕಾಲಿಕ ಮೆಮೊರಿ. ಅದು 4 ಗಿಗಾಬೈಟ್‌ನದೆಂದರೂ ಐದೂವರೆ ಸೆಕೆಂಡಿಗೆ ಭರ್ತಿ. ಭದ್ರಾ ಅಣೆಕಟ್ಟೆ 186 ಅಡಿ ತುಂಬಿದರೆ ಗೇಟು ಎತ್ತಿ ಹೆಚ್ಚಿನ ನೀರನ್ನು ಹೊಳೆಗೆ ಬಿಡಬಹುದು. ಮಲೆನಾಡಿನ ಮಳೆಯನ್ನಂತೂ ಯಾರೂ ನಿಲ್ಲಿಸಲಾರರು. ಕ್ಯಾಮೆರಾ ಉಲ್ಟಾ. ಅದು ಮಳೆಯನ್ನೇ ತಡೆಯುತ್ತದೆ: ಇಪ್ಪತ್ತು ಇದ್ದದ್ದು ಎರಡೋ ಮೂರೋ ಫ್ರೇಮಿಗೆ ಇಳಿದು ಕುಂಟತೊಡಗುತ್ತದೆ, ಆಗಲೇ ಹಕ್ಕಿ ಮೀನಿನ ಸಮೇತ ಮೇಲೇಳುತ್ತದೆ. ಅದಕ್ಕೇ ಅನುಭವಸ್ಥರು ಐದಾರು ಚಿತ್ರಗಳ ಸಣ್ಣ ಸಣ್ಣ ಕಂತುಗಳಲ್ಲಿ ತೆಗೆಯುವುದು. ಕುಗ್ಗಿಸಿದ ರಾ ಅಥವಾ ಜೆಪೆಗ್ ಆರಿಸಿದರೆ ಒಳಹರಿವು ತಗ್ಗುತ್ತದೆ. ಸೆಕೆಂಡಿಗೆ ಸಾವಿರ ಮೆಗಾಬೈಟ್ ದಾಟುವ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್ ಹಾಕಿದರೆ ನಾಲೆ ಅಗಲವಾಗುತ್ತದೆ, ಜೇಬು ಅಷ್ಟೇ ಹಗುರವಾಗುತ್ತದೆ.

ಇದೇ ಬಫರನ್ನು ಬಳಸಿ ಮಾಡಿದ ಒಂದು ಉಪಾಯವೇ, ನನ್ನ ಅಂದಾಜಿನಲ್ಲಿ, ಫ್ರೇಮುಗಳ ಪೈಪೋಟಿಗಿಂತ ದೊಡ್ಡ ಹೆಜ್ಜೆ. ಬಟನ್ನನ್ನು ಅರ್ಧ ಒತ್ತಿದಾಗಿನಿಂದಲೇ ಕ್ಯಾಮೆರಾ ಚಿತ್ರ ತೆಗೆಯುತ್ತಿರುತ್ತದೆ. ತುಂಬಿದ ಜಲಾಶಯಕ್ಕೆ ಬಂದಷ್ಟೇ ನೀರನ್ನು ಹೊರಬಿಡುವ ಹಾಗೆ, ಹೊಸ ಚಿತ್ರ ಬಂದಂತೆ ಹಳೆಯದು ಅಳಿಯುತ್ತದೆ. ಬಟನ್ ಪೂರ್ತಿ ಒತ್ತಿದರೆ ಹಿಂದಿನ ಅರ್ಧ ಅಥವಾ ಒಂದು ಸೆಕೆಂಡಿನ ಚಿತ್ರಗಳೂ ಉಳಿಯುತ್ತವೆ. ಕ್ಯಾಸಿಯೊ 2008ರಲ್ಲಿ ಎಕ್ಸಿಲಿಮ್ ಇಎಕ್ಸ್-ಎಫ್1ರಲ್ಲೇ ಇದನ್ನು ತಂದಿತ್ತು. 2016ರಲ್ಲಿ ಒಲಿಂಪಸ್ ‘ಪ್ರೊ ಕ್ಯಾಪ್ಚರ್’ ಎಂದು ಕೊಟ್ಟಿತು. ಐಫೋನಿನ ಲೈವ್ ಫೋಟೊ ಕೂಡ ಬಟನ್ ಒತ್ತುವ ಒಂದೂವರೆ ಸೆಕೆಂಡ್ ಹಿಂದಿನಿಂದ ದಾಖಲಿಸುತ್ತದೆ. ಇದರಿಂದ ಮನುಷ್ಯನ ನಿಧಾನಗತಿ ಲೆಕ್ಕದಿಂದಲೇ ಹೊರಗುಳಿಯುತ್ತದೆ. ಹಕ್ಕಿ ನೀರು ಮುಟ್ಟಿದ್ದನ್ನು ಕಂಡ ಮೇಲೆ ಒತ್ತಿದರೂ ನಡೆಯುತ್ತದೆ.

ಕೊಳ್ಳುವವರು ಕೇಳಬೇಕಾದ ಮತ್ತೊಂದು ಪ್ರಶ್ನೆ ಸೆನ್ಸರ್ ಬಗ್ಗೆ. ಅತಿವೇಗದ ಬರ್ಸ್ಟ್‌ಗಳೆಲ್ಲ ಎಲೆಕ್ಟ್ರಾನಿಕ್ ಶಟರ್‌ನವು, ಮತ್ತು ಹೆಚ್ಚಿನ ಸೆನ್ಸರ್‌ಗಳು ಚಿತ್ರವನ್ನು ಸಾಲು ಸಾಲಾಗಿ ಓದುತ್ತವೆ. ಮೇಲಿನ ಸಾಲು ಓದಿ ಕೆಳಗಿನದಕ್ಕೆ ಬರುವಷ್ಟರಲ್ಲಿ ಬ್ಯಾಟ್ ಸರಿದಿರುತ್ತದೆ. ಚಿತ್ರದಲ್ಲಿ ಅದು ಬಾಗಿದಂತೆ ಕಾಣುತ್ತದೆ. 2023ರ ನವೆಂಬರ್‌ನಲ್ಲಿ ಸೋನಿ ಪ್ರಕಟಿಸಿದ ಎ9 III ಎಲ್ಲ ಸಾಲುಗಳನ್ನೂ ಒಟ್ಟಿಗೇ ದಾಖಲಿಸುತ್ತದೆ. ಸೆಕೆಂಡಿಗೆ 120 ಎಂಬ ಮಾತು ಜೋರಾಗಿ ಕೇಳಿಬಂದದ್ದೂ ಅದರಿಂದಲೇ. ಆದರೆ ಅದಕ್ಕೊಂದು ಬೆಲೆ ಇದೆ: ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ ಅದರಲ್ಲಿ ಮೂಲತಃ 250. ಬೇರೆ ಕ್ಯಾಮೆರಾಗಳಲ್ಲಿ ಅದು ಸಾಮಾನ್ಯವಾಗಿ 100ರಿಂದ ಶುರುವಾಗುತ್ತದೆ.

ಚಿತ್ರ ತೆಗೆದ ಮೇಲಿನ ಕೆಲಸವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. 2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ ನಡೆದ ಕೂಚ್ ಬೆಹಾರ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕದ ಪ್ರಖರ್ ಚತುರ್ವೇದಿ ಮುಂಬೈ ವಿರುದ್ಧ 638 ಎಸೆತ ಎದುರಿಸಿ ಔಟಾಗದೆ 404 ರನ್ ಗಳಿಸಿದರು. ಬೌಂಡರಿ ಗೆರೆಯಾಚೆ ಕೂತವರು ಪ್ರತಿ ಎಸೆತಕ್ಕೂ ಒಂದೊಂದು ಸೆಕೆಂಡ್ 20 ಫ್ರೇಮಿನ ಬರ್ಸ್ಟ್ ಹೊಡೆದಿದ್ದರೆ? 12,760 ಚಿತ್ರ, ಅರ್ಧ ಟೆರಾಬೈಟ್‌ಗೂ ಮಿಕ್ಕಿದ ಕಡತ. ಒಂದೊಂದನ್ನು ಎರಡು ಸೆಕೆಂಡ್ ನೋಡಿ ಬೇಕು ಬೇಡ ಎನ್ನಲು ಏಳು ಗಂಟೆ. ಅದೇ ಆಟವನ್ನು ಮೆಕ್ಯಾನಿಕಲ್ ಶಟರ್‌ನಲ್ಲಿ, ಸೆಕೆಂಡಿಗೆ ಹತ್ತರಂತೆ ತೆಗೆದರೂ 6,380 ಸಲ ಶಟರ್ ಬಡಿದುಕೊಂಡಿರುತ್ತದೆ. ಎರಡು ಲಕ್ಷ ಬಡಿತಕ್ಕೆಂದು ಪರೀಕ್ಷಿಸಿದ ಶಟರ್ ಇಂಥ 31 ಇನಿಂಗ್ಸ್ ತಡೆದೀತು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುವವರು ಬೆಲೆಗಿಂತ ಮೊದಲು ಶಟರ್ ಕೌಂಟ್ ಎಷ್ಟೆಂದು ಕೇಳುವುದು ಇದಕ್ಕೇ, ಅದರಲ್ಲೂ ಮಾರುವವರು ಹಕ್ಕಿ ಅಥವಾ ಕ್ರಿಕೆಟ್ ಹುಚ್ಚಿನವರಾಗಿದ್ದರೆ.