ಅನುಪಾನ ಮತ್ತು ಬ್ಯಾಕ್ಟೀರಿಯ: ಅರ್ಬುದಕ್ಕೆ ಮದ್ದು ತಲುಪಿಸುವ ಬಗೆ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಪರಿಸರದಲ್ಲಿ ಸಿದ್ದಿ, ಕುಣಬಿ, ಗೌಳಿ ಮೊದಲಾದ ಸಮುದಾಯಗಳು ನೆಲೆಸಿವೆ. ನಾಡಿನ ಇತರೆಡೆಗಳಂತೆ ಇಲ್ಲಿನ ನಾಟಿವೈದ್ಯದಲ್ಲಿಯೂ ಬೇರು, ತೊಗಟೆಗಳಷ್ಟೇ ಅನುಪಾನವೂ ಮುಖ್ಯವಾದುದು. ಜೇನು, ಹಾಲು, ಮಜ್ಜಿಗೆ, ಬೆಲ್ಲಗಳೊಡನೆ ಮದ್ದನ್ನು ಕೊಡುವ ಕ್ರಮದ ಹಿಂದೆ, ಅದು ತಲುಪಬೇಕಾದಲ್ಲಿಗೆ ತಲುಪಬೇಕೆಂಬ ತಿಳಿವಳಿಕೆಯಿದೆ. ಆಧುನಿಕ ಅರ್ಬುದ ಚಿಕಿತ್ಸೆಯ ಮುಂದಿರುವ ಪ್ರಶ್ನೆಯೂ ಇದೇ ಆಗಿದೆ.

ಪಶ್ಚಿಮಘಟ್ಟದ ಮರವೊಂದು ಇದಕ್ಕೆ ನಿದರ್ಶನ. ಮರಾಠಿಯಲ್ಲಿ ನರಕ್ಯಾ ಎನಿಸಿದ ಇದರ ಶಾಸ್ತ್ರೀಯ ನಾಮ ನೋಥಾಪೊಡೈಟಿಸ್ ನಿಮ್ಮೋನಿಯಾನ. 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅವರು ಚೀನಾ ಮೂಲದ ಮರವೊಂದರಿಂದ ಬೇರ್ಪಡಿಸಿದ ಕ್ಯಾಂಪ್ಟೊಥೆಸಿನ್, ಈ ಮರದಲ್ಲಿಯೂ ಇರುವುದನ್ನು 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅವರು ತೋರಿಸಿದರು. ಅದು ವಿಭಜನೆಗೊಳ್ಳುವ ಜೀವಕೋಶಗಳನ್ನು ಕೊಲ್ಲುತ್ತದೆ. ಆದರೆ ರೋಗಗ್ರಸ್ತ, ಆರೋಗ್ಯವಂತ ಎಂಬ ಭೇದವನ್ನೆಣಿಸದು. ಆರಂಭದ ಪ್ರಯೋಗಗಳು ಮೂತ್ರಕೋಶಕ್ಕೆ ತೀವ್ರ ಹಾನಿಯುಂಟುಮಾಡಿದ್ದರಿಂದ ನಿಂತುಹೋದವು. ಅದರಿಂದ ರೂಪಿಸಿದ ಟೊಪೊಟೆಕಾನ್, ಇರಿನೊಟೆಕಾನ್ ಔಷಧಿಗಳಿಗೆ ಅಮೆರಿಕದಲ್ಲಿ ಮನ್ನಣೆ ದೊರೆತುದು 1996ರಲ್ಲಿ. ಆದುದರಿಂದ ಈ ಮರದ ತೊಗಟೆಯ ಕಷಾಯವನ್ನು ಮನೆಯಲ್ಲಿ ಕುಡಿಯುವುದು ಚಿಕಿತ್ಸೆಯಾಗದು, ಅಪಾಯವಾದೀತು.

ಅರ್ಬುದದ ಗಡ್ಡೆಯೊಳಗೆ ರಕ್ತನಾಳಗಳು ಅಸ್ತವ್ಯಸ್ತವಾಗಿದ್ದು, ಅದರ ಒಡಲಿಗೆ ಆಮ್ಲಜನಕವೂ ಔಷಧಿಯೂ ಸರಿಯಾಗಿ ತಲುಪುವುದಿಲ್ಲ. ಆಮ್ಲಜನಕವಿಲ್ಲದೆಡೆ ಬೆಳೆಯಬಲ್ಲ ಕ್ಲಾಸ್ಟ್ರಿಡಿಯಂ, ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಗಳಿಗೆ ಅದೇ ಅನುಕೂಲದ ನೆಲೆ. ಅವುಗಳ ರೋಗಕಾರಕ ಶಕ್ತಿಯನ್ನು ಕುಗ್ಗಿಸಿ, ನಿರುಪದ್ರವಿ ಪೂರ್ವೌಷಧವನ್ನು ಗಡ್ಡೆಯಲ್ಲಿಯೇ ವಿಷವಾಗಿಸುವ ಕಿಣ್ವವನ್ನು ಅವುಗಳಲ್ಲಿ ಅಳವಡಿಸುವುದು ಸಂಶೋಧಕರ ಒಂದು ಉಪಾಯ. ಯೋಜನೆ ಸುಲಭಸಾಧ್ಯವಲ್ಲ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದುರ್ಬಲಗೊಳಿಸಿದ ಸಾಲ್ಮೊನೆಲ್ಲಾವನ್ನು ರೋಗಿಗಳಿಗೆ ಕೊಡಲು ಸಾಧ್ಯವಾಯಿತಾದರೂ ಗಡ್ಡೆಗಳು ಕುಗ್ಗಲಿಲ್ಲ.

ಬ್ಯಾಕ್ಟೀರಿಯದ ಕಿಣ್ವ ಎಲ್ಲೆಡೆಯೂ ಉಪಕಾರಿಯಲ್ಲ. ಇರಿನೊಟೆಕಾನ್‌ನಿಂದ ಹುಟ್ಟುವ ವಿಷವನ್ನು ಯಕೃತ್ತು ನಿಷ್ಕ್ರಿಯಗೊಳಿಸಿ ಕರುಳಿಗೆ ಕಳುಹುತ್ತದೆ. ಅಲ್ಲಿನ ಬ್ಯಾಕ್ಟೀರಿಯಗಳ ಕಿಣ್ವ ಅದನ್ನು ಮತ್ತೆ ಸಕ್ರಿಯಗೊಳಿಸಿ ತೀವ್ರ ಭೇದಿಗೆ ಎಡೆಮಾಡುತ್ತದೆ. ಗಡ್ಡೆಯಲ್ಲಿ ಬೇಕಾದ ಕ್ರಿಯೆಯೇ ಕರುಳಿನಲ್ಲಿ ಕೇಡು.

ಬ್ಯಾಕ್ಟೀರಿಯವನ್ನು ಜೀವಂತ ಅನುಪಾನವೆನ್ನಬಹುದು. ಆದರೆ ಜೇನು ತಾನಾಗಿ ವೃದ್ಧಿಸದು, ಬ್ಯಾಕ್ಟೀರಿಯ ವೃದ್ಧಿಸುತ್ತದೆ. ಅದನ್ನು ಪ್ರತಿಜೈವಿಕಗಳಿಂದ ತಡೆಯುವ ದಾರಿಯೂ ಸಿದ್ಧವಿರಬೇಕು. ಜನಪದ ವೈದ್ಯದ ಅಧ್ಯಯನಕ್ಕೂ ಇಲ್ಲಿ ಪಾಠವಿದೆ. ಗಿಡದ ಹೆಸರನ್ನಷ್ಟೇ ಬರೆದುಕೊಂಡು ಪ್ರಮಾಣ, ಕಾಲ, ಪಥ್ಯ, ಅನುಪಾನಗಳನ್ನು ಬಿಟ್ಟರೆ ದಾಖಲಾಗುವುದು ಮದ್ದಲ್ಲ, ಬರಿಯ ಸೊಪ್ಪು.