'ಬ್ರೇಕ್ ಫೇಲ್' ಆದರೆ ತಪ್ಪು ಯಾರದು?

'ಬ್ರೇಕ್ ಫೇಲ್ ಆಯಿತು.' ಘಾಟಿಯ ತಿರುವಿನಲ್ಲಿ ಲಾರಿ ಉರುಳಿದಾಗ, ಸಂತೆಯ ಜನರ ಮೇಲೆ ಬಸ್ಸು ನುಗ್ಗಿದಾಗ ಮೊದಲು ಕೇಳಿಬರುವ ಮಾತು ಇದು. ಮರುದಿನದ ಪತ್ರಿಕೆಯಲ್ಲಿ 'ಬ್ರೇಕ್ ವೈಫಲ್ಯವೇ ಕಾರಣ ಎನ್ನಲಾಗಿದೆ' ಎಂಬ ಒಂದು ಸಾಲು ಬರುತ್ತದೆ. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಸತ್ತವರ ಮನೆಯವರಿಗಾದರೋ ಪ್ರಶ್ನೆ ಶುರುವಾಗುವುದೇ ಅಲ್ಲಿಂದ. ಚಾಲಕ ಕುಡಿದಿರಲಿಲ್ಲ, ವೇಗವಾಗಿ ಓಡಿಸಲೂ ಇಲ್ಲ, ಕೆಟ್ಟದ್ದು ಯಂತ್ರ ಎಂದಾದರೆ ಹೊಣೆ ಹೊರುವವರು ಯಾರು? ಯಂತ್ರಕ್ಕೆ ಕೋಳ ತೊಡಿಸಲು ಸಾಧ್ಯವಿಲ್ಲ, ಅದರಿಂದ ಪರಿಹಾರ ಕೇಳಲೂ ಬರುವುದಿಲ್ಲ.

ಈ ಪ್ರಶ್ನೆಗೆ ಮೋಟಾರಿಗಿಂತಲೂ ಹೆಚ್ಚು ವಯಸ್ಸು. ಕುದುರೆಗಾಡಿಯ ಕಾಲದಿಂದ ಇಂದಿನವರೆಗೆ ನ್ಯಾಯಾಲಯಗಳು ಇದಕ್ಕೆ ಕೊಟ್ಟ ಉತ್ತರಗಳು ಹಲವು ಬಾರಿ ಬದಲಾಗಿವೆ.

ಕುದುರೆಗಾಡಿಯ ನ್ಯಾಯ

1840ರಲ್ಲಿ ಇಂಗ್ಲೆಂಡಿನ ಒಂದು ಟಪಾಲು ಗಾಡಿ ದಾರಿಯಲ್ಲಿ ಮುರಿದುಬಿತ್ತು. ಗಾಡಿ ಹೊಡೆಯುತ್ತಿದ್ದ ವಿಂಟರ್‌ಬಾಟಮ್ ಕೆಳಕ್ಕೆ ಬಿದ್ದು ಜೀವನಪೂರ್ತಿ ಕುಂಟನಾದ. ಗಾಡಿಯನ್ನು ಒದಗಿಸಿ ಸುಸ್ಥಿತಿಯಲ್ಲಿಡುವ ಗುತ್ತಿಗೆ ಪಡೆದಿದ್ದವನು ರೈಟ್. ವಿಂಟರ್‌ಬಾಟಮ್ ಅವನ ಮೇಲೆ ದಾವೆ ಹೂಡಿದ. 1842ರಲ್ಲಿ ನ್ಯಾಯಾಲಯ ಆ ದಾವೆಯನ್ನು ತಳ್ಳಿಹಾಕಿತು. ರೈಟ್ ಕರಾರು ಮಾಡಿಕೊಂಡದ್ದು ಅಂಚೆ ಇಲಾಖೆಯೊಡನೆ, ಗಾಡಿ ಹೊಡೆಯುವವನೊಡನೆ ಅಲ್ಲ; ಕರಾರು ಇಲ್ಲದ ಕಡೆ ಹೊಣೆಯೂ ಇಲ್ಲ ಎಂಬುದು ನ್ಯಾಯಾಧೀಶರ ವಾದ. ಇಂಥ ದಾವೆಗೆ ಅವಕಾಶ ಕೊಟ್ಟರೆ ದಾರಿಹೋಕರೆಲ್ಲ ನ್ಯಾಯಾಲಯದ ಬಾಗಿಲು ತಟ್ಟಿಯಾರು ಎಂಬ ಭಯ ಅವರಿಗಿತ್ತು.

ಈ ನ್ಯಾಯ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೂ ಹೋಯಿತು. ಅಲ್ಲಿ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಹೆಚ್ಚಿನ ಸರಕುಗಳ ತಯಾರಕರಿಗೆ ರಕ್ಷಾಕವಚವಾಗಿ ನಿಂತಿತು. ಅದನ್ನು ಮುರಿದದ್ದು ಒಂದು ಮರದ ಚಕ್ರ.

ಸಮಾಧಿ ಕಲ್ಲಿನ ಕುಶಲಕರ್ಮಿಯ ಕಾರು

ಡೊನಾಲ್ಡ್ ಮ್ಯಾಕ್‌ಫರ್ಸನ್ ನ್ಯೂಯಾರ್ಕ್ ರಾಜ್ಯದ ಗಾಲ್ವೇ ಎಂಬ ಊರಿನಲ್ಲಿ ಸಮಾಧಿ ಕಲ್ಲುಗಳನ್ನು ಕೆತ್ತುತ್ತಿದ್ದ. 1910ರಲ್ಲಿ ಒಂದು ಬ್ಯೂಕ್ ಕಾರು ಕೊಂಡ. ಕೊಂಡದ್ದು ಕಂಪನಿಯಿಂದಲ್ಲ, ಮಾರಾಟಗಾರನಿಂದ. ಮರುವರ್ಷ ಜುಲೈನಲ್ಲಿ ಕಾರು ಓಡಿಸುತ್ತಿದ್ದಾಗ ಹಿಂದಿನ ಒಂದು ಚಕ್ರ ಕುಸಿಯಿತು. ಕಾರು ಮಗುಚಿಕೊಂಡಿತು, ಮ್ಯಾಕ್‌ಫರ್ಸನ್ ಅದರಡಿ ಸಿಕ್ಕಿಕೊಂಡ. ಆ ಕಾಲದ ಕಾರುಗಳ ಚಕ್ರಕ್ಕೆ ಎತ್ತಿನ ಗಾಡಿಯಂತೆ ಮರದ ಅರಗಳಿರುತ್ತಿದ್ದವು. ಈ ಚಕ್ರದ ಅರಗಳಿಗೆ ಬಳಸಿದ ಮರ ಟೊಳ್ಳು ಎಂದು ಪರೀಕ್ಷೆಯಿಂದ ತಿಳಿಯಿತು.

ಬ್ಯೂಕ್ ಕಂಪನಿಗೆ ಎರಡು ಸಮರ್ಥನೆಗಳಿದ್ದವು. ಮೊದಲನೆಯದು, ಚಕ್ರವನ್ನು ಮಾಡಿದ್ದು ತಾನಲ್ಲ, ಇಂಪೀರಿಯಲ್ ಎಂಬ ಬೇರೊಂದು ಕಂಪನಿ. ಎರಡನೆಯದು, ಮ್ಯಾಕ್‌ಫರ್ಸನ್ ತನ್ನಿಂದ ನೇರವಾಗಿ ಕಾರು ಕೊಂಡವನಲ್ಲ. ಇಂಪೀರಿಯಲ್ ಅದುವರೆಗೆ 80,000 ಚಕ್ರಗಳನ್ನು ಒದಗಿಸಿತ್ತು, ಅವುಗಳಲ್ಲಿ ಒಂದರ ಮರವೂ ಕೆಟ್ಟದ್ದೆಂದು ಕಂಡುಬಂದಿರಲಿಲ್ಲ ಎಂಬ ಮಾತೂ ದಾಖಲೆಯಲ್ಲಿದೆ.

1916ರ ಮಾರ್ಚ್ 14ರಂದು ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೋ. ಕುದುರೆಗಾಡಿ ಕಾಲದ ನಿಯಮ ಮೋಟಾರು ಕಾಲಕ್ಕೆ ಹೊಂದುವುದಿಲ್ಲ ಎಂದು ಅವರು ಸಾರಿದರು. ಅವರ ತರ್ಕ ಸರಳ. ಕಾರಿನಲ್ಲಿ ಮೂವರು ಕೂರುವ ಜಾಗವಿದೆ, ಅದು ಗಂಟೆಗೆ ಐವತ್ತು ಮೈಲಿ ಓಡಬಲ್ಲದು. ಮಾರಾಟಗಾರ ಅದನ್ನು ಇಟ್ಟುಕೊಳ್ಳಲು ಕೊಳ್ಳುವುದಿಲ್ಲ, ಇನ್ನಾರೋ ಅದರಲ್ಲಿ ಕೂರುತ್ತಾರೆ ಎಂಬುದು ತಯಾರಕನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದ ಮೇಲೆ, ಹೊರಗಿನಿಂದ ತರಿಸಿದ ಬಿಡಿಭಾಗವನ್ನೂ ಪರೀಕ್ಷಿಸಿ ನೋಡುವುದು ಅವನ ಕರ್ತವ್ಯ. ಆಗ ಕಾರಿನ ವೇಗ ಗಂಟೆಗೆ ಎಂಟೇ ಮೈಲಿಯಿತ್ತು ಎಂದು ಮುಖ್ಯ ನ್ಯಾಯಾಧೀಶರು ತಮ್ಮ ಭಿನ್ನಮತದಲ್ಲಿ ಬರೆದರು. ಅಷ್ಟು ನಿಧಾನಕ್ಕೆ ಹೋಗುವ ವಾಹನಕ್ಕೆ ಹಳೆಯ ನಿಯಮವೇ ಸಾಕು ಎಂಬುದು ಅವರ ನಿಲುವು. ಅದಕ್ಕೆ ಬಹುಮತ ಸಿಗಲಿಲ್ಲ. ಅಲ್ಲಿಂದಾಚೆಗೆ ಹೊಣೆ ಕಾರ್ಖಾನೆಯ ಒಳಕ್ಕೂ ಹೋಯಿತು.

ಮರುದಿನ ಸರಿಯಾಗುವ ಬ್ರೇಕು

ಚಕ್ರ ಮುರಿದರೆ ಮುರಿದ ಚೂರುಗಳು ಸಾಕ್ಷಿ ಹೇಳುತ್ತವೆ. ಬ್ರೇಕಿನ ವಿಷಯ ಅಷ್ಟು ಸುಲಭವಲ್ಲ.

ಕಾರಿನಲ್ಲಿ ಪೆಡಲ್ ತುಳಿದಾಗ ಕೊಳವೆಯೊಳಗಿನ ದ್ರವ ಒತ್ತಡವನ್ನು ಚಕ್ರಕ್ಕೆ ಸಾಗಿಸುತ್ತದೆ. ಅಲ್ಲಿ ಲೈನರ್ ಡ್ರಮ್ಮಿಗೋ ಪ್ಯಾಡ್ ಡಿಸ್ಕಿಗೋ ಉಜ್ಜಿ, ವಾಹನದ ಓಟವೆಲ್ಲ ಶಾಖವಾಗುತ್ತದೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಡೀಸೆಲ್ ಉಳಿಸಲೆಂದು ಗೇರನ್ನು ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಲೈನರ್ ಅತಿಯಾಗಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಬಹುಕಾಲ ಬದಲಿಸದ ದ್ರವ ಈ ಶಾಖಕ್ಕೆ ಕುದಿದು ಆವಿಯಾಗುತ್ತದೆ. ಆವಿಯನ್ನು ಎಷ್ಟು ಒತ್ತಿದರೂ ಅದು ಕುಗ್ಗುತ್ತದೆಯೇ ಹೊರತು ಒತ್ತಡವನ್ನು ಮುಂದಕ್ಕೆ ಸಾಗಿಸುವುದಿಲ್ಲ. ಪೆಡಲ್ ನೆಲ ಮುಟ್ಟುತ್ತದೆ, ವಾಹನ ನಿಲ್ಲುವುದಿಲ್ಲ.

ತಮಾಷೆಯೆಂದರೆ, ತಣ್ಣಗಾದ ಮೇಲೆ ಇದೇ ಬ್ರೇಕು ಮತ್ತೆ ಕೆಲಸ ಮಾಡಬಹುದು. ನಮ್ಮಲ್ಲಿ ಅಪಘಾತವಾದ ವಾಹನವನ್ನು ಮೋಟಾರು ವಾಹನ ನಿರೀಕ್ಷಕರು ಪರೀಕ್ಷಿಸುತ್ತಾರೆ. ಅಪಘಾತ ಯಾಂತ್ರಿಕ ದೋಷದಿಂದ ಆದದ್ದೇ ಅಲ್ಲವೇ ಎಂದು ಅವರು ಬರೆದುಕೊಡುವ ವರದಿ ಮೊಕದ್ದಮೆಯಲ್ಲಿ ಮುಖ್ಯ ಸಾಕ್ಷ್ಯ. ಅವರು ನೋಡುವ ಹೊತ್ತಿಗೆ ಬ್ರೇಕು ತಣ್ಣಗಾಗಿರುತ್ತದೆ. ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಉಂಟು. ಸರಿಯಿದ್ದ ಕೊಳವೆ ಡಿಕ್ಕಿಯ ಹೊಡೆತಕ್ಕೇ ಮುರಿದಿರುತ್ತದೆ, ನೋಡಿದವರು ಅದನ್ನೇ ಅಪಘಾತದ ಕಾರಣ ಎಂದುಕೊಳ್ಳುತ್ತಾರೆ. ಆಗ ಮುರಿದ ಅಂಚೇ ಆಧಾರ. ಹೊಸದಾಗಿ ಮುರಿದ ಲೋಹ ಹೊಳೆಯುತ್ತದೆ, ಹಳೆಯ ಬಿರುಕಿನಲ್ಲಿ ತುಕ್ಕಿರುತ್ತದೆ.

ತುಕ್ಕು ಹೇಳಿದ ಕಥೆ

ತುಕ್ಕಿನ ಮೇಲೆಯೇ ನಿಂತ ಒಂದು ಮೊಕದ್ದಮೆ ಬ್ರಿಟನ್ನಿನಲ್ಲಿ ನಡೆಯಿತು. ಹೆಂಡರ್ಸನ್ ಮೊಕದ್ದಮೆ ಎಂದು ಅದು ಹೆಸರಾಗಿದೆ. ಇಳಿಜಾರಿನಲ್ಲಿ ಬರುತ್ತಿದ್ದ ಲಾರಿಯೊಂದರ ಬ್ರೇಕು ಇದ್ದಕ್ಕಿದ್ದಂತೆ ಕೈಕೊಟ್ಟು, ಅದು ನುಗ್ಗಿದ ರಭಸಕ್ಕೆ ಒಬ್ಬ ಸತ್ತ. ಬ್ರೇಕ್ ಕೊಳವೆ ತುಕ್ಕು ತಿಂದು ತೂತಾಗಿತ್ತು. ತೂತು ಇದ್ದದ್ದು ಕೊಳವೆಯನ್ನು ಬಿಚ್ಚದೆ ಕಣ್ಣಿಗೆ ಬೀಳದ ಜಾಗದಲ್ಲಿ. 'ವಾರವಾರ ತಪಾಸಣೆ ಮಾಡಿಸುತ್ತಿದ್ದೆವು, ಕಾಣದ ದೋಷಕ್ಕೆ ನಾವೇನು ಮಾಡಲಾಗುತ್ತದೆ?' ಎಂಬುದು ಲಾರಿ ಮಾಲೀಕರ ವಾದದ ಸಾರ.

1969ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಾಧೀಶರಲ್ಲಿ ಮೂವರು ಇದನ್ನು ಒಪ್ಪಲಿಲ್ಲ. ಅಂಥ ತುಕ್ಕು ಸಾಮಾನ್ಯವಾದದ್ದಲ್ಲ. ಲಾರಿ ಎಲ್ಲೆಲ್ಲಿ ಓಡಿದೆ, ಏನೇನು ಹೊತ್ತಿದೆ ಎಂಬುದು ಮಾಲೀಕರಿಗಷ್ಟೇ ಗೊತ್ತು. ದೋಷ ಗುಪ್ತವಾಗಿತ್ತು ಎನ್ನುವವರು, ಆ ಲಾರಿಗೆ ವಿಶೇಷ ತಪಾಸಣೆ ಬೇಕಾದಂಥ ಸಂದರ್ಭ ಯಾವುದೂ ಇರಲಿಲ್ಲ ಎಂಬುದನ್ನೂ ತೋರಿಸಬೇಕು ಎಂದರು. 'ಕಾಣಲಿಲ್ಲ' ಎಂದರೆ ಸಾಲದು, ಕಾಣಲು ಎಷ್ಟು ಪ್ರಯತ್ನಿಸಿದಿರಿ ಎಂಬುದನ್ನೂ ಹೇಳಬೇಕು ಎಂಬುದು ಇದರ ತಾತ್ಪರ್ಯ.

ನಮ್ಮ ನೆಲದಲ್ಲಿ

ಭಾರತದ ಸುಪ್ರೀಂ ಕೋರ್ಟೂ 1977ರಲ್ಲಿ, ಮಿನೂ ಮೆಹ್ತಾ ಪ್ರಕರಣದಲ್ಲಿ, ಇದೇ ಹಾದಿ ಹಿಡಿಯಿತು. ಯಾಂತ್ರಿಕ ದೋಷದಿಂದ ಅಪಘಾತವಾಯಿತು ಎಂದು ಸಾಬೀತುಪಡಿಸುವ ಹೊರೆ ಮಾಲೀಕನದೇ. ತಕ್ಕ ಎಚ್ಚರಿಕೆ ವಹಿಸಿಯೂ ದೋಷ ಕಾಣಲಿಲ್ಲವೆಂದು ಅವನು ತೋರಿಸಬೇಕು. ಆದರೆ ಅದೇ ತೀರ್ಪು ನಿರ್ಲಕ್ಷ್ಯ ಇಲ್ಲದಿದ್ದರೆ ಪರಿಹಾರವೂ ಇಲ್ಲ ಎಂದಿತು. ಮಾಲೀಕ ನಿಜಕ್ಕೂ ಎಚ್ಚರಿಕೆಯಿಂದಿದ್ದ ಪಕ್ಷದಲ್ಲಿ ಸತ್ತವನ ಕುಟುಂಬ ಬರಿಗೈಲಿ ಹಿಂದಿರುಗಬೇಕಿತ್ತು.

ಸಂಸತ್ತು 1982ರಲ್ಲಿ ಕಾಯ್ದೆ ತಿದ್ದಿತು. ತಪ್ಪು ಯಾರದೇ ಇರಲಿ, ಸಾವಿಗೆ 15,000 ರೂಪಾಯಿ ಕೊಡಬೇಕೆಂದಾಯಿತು. ಈ ಮೊತ್ತ ಆಮೇಲೆ 50,000 ರೂಪಾಯಿಗೆ ಏರಿತು. 2019ರ ತಿದ್ದುಪಡಿ ಇದನ್ನು ಐದು ಲಕ್ಷ ಮಾಡಿತು, ಅದು 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು.

ಇವೆರಡರ ನಡುವೆ 2001ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕೌಶ್ನುಮಾ ಬೇಗಂ ಪ್ರಕರಣ ಬಂತು. ಮುಂದಿನ ಟೈರು ಸಿಡಿದು ಜೀಪೊಂದು ಮಗುಚಿ, ರಸ್ತೆಯಲ್ಲಿ ನಡೆದುಹೋಗುತ್ತಿದ್ದವರೊಬ್ಬರು ಸತ್ತಿದ್ದರು. ಚಾಲಕನ ನಿರ್ಲಕ್ಷ್ಯ ರುಜುವಾಗಲಿಲ್ಲವೆಂದು ಕೆಳಗಿನ ಹಂತದಲ್ಲಿ ಪೂರ್ಣ ಪರಿಹಾರ ಸಿಕ್ಕಿರಲಿಲ್ಲ. ಅಪಾಯಕರ ವಸ್ತುವನ್ನು ಇಟ್ಟುಕೊಂಡವನು ಅದರ ಕೇಡಿಗೂ ಹೊಣೆ ಎಂಬ ಹಳೆಯ ಇಂಗ್ಲಿಷ್ ನ್ಯಾಯಸೂತ್ರವನ್ನು ಸುಪ್ರೀಂ ಕೋರ್ಟು ಮೋಟಾರಿಗೂ ಅನ್ವಯಿಸಿತು. ನಡೆದುಹೋಗುತ್ತಿದ್ದವನಿಗೆ ಟೈರಿನ ಮೇಲೆ ಯಾವ ಅಧಿಕಾರವಿತ್ತು? ಅದು ಸಿಡಿದ ನಷ್ಟವನ್ನು ಅವನ ಮನೆಯವರು ಏಕೆ ಹೊರಬೇಕು? ತೀರ್ಪಿನ ತಿರುಳು ಇದು.

ಕಣ್ಣಿಗೆ ಕಾಣದ ದೋಷ

ಈಗಿನ ಕಾರಿನಲ್ಲಿ ಪೆಡಲಿಗೂ ಎಂಜಿನ್ನಿಗೂ ನಡುವೆ ಕಂಪ್ಯೂಟರ್ ಕೂತಿದೆ. 2009ರ ಆಗಸ್ಟ್ 28ರಂದು ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊ ಬಳಿ ಒಂದು ಲೆಕ್ಸಸ್ ಕಾರು ಹಿಡಿತಕ್ಕೆ ಸಿಗದೆ ಧಾವಿಸಿ ಅದರಲ್ಲಿದ್ದ ನಾಲ್ವರೂ ಸತ್ತರು. ಓಡಿಸುತ್ತಿದ್ದವರು ಅನುಭವಿ ಹೆದ್ದಾರಿ ಪೊಲೀಸ್ ಅಧಿಕಾರಿ. ಆ ಕಾರಿಗೆ ಸೇರದ ನೆಲಹಾಸು ಆಕ್ಸಿಲರೇಟರ್ ಪೆಡಲನ್ನು ಹಿಡಿದಿಟ್ಟಿತ್ತು ಎಂಬುದು ತನಿಖೆಯ ತೀರ್ಮಾನ. ತಯಾರಕರಾದ ಟೊಯೋಟಾ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡು ಸರಿಪಡಿಸಬೇಕಾಯಿತು. ದೋಷ ಕಂಪ್ಯೂಟರಿನದೇ ಇರಬಹುದೇ ಎಂದು ನಾಸಾದ ಎಂಜಿನಿಯರುಗಳೂ ಹುಡುಕಿದರು, ಅಂಥ ದೋಷ ಸಿಗಲಿಲ್ಲ ಎಂದು 2011ರಲ್ಲಿ ವರದಿಯಾಯಿತು. ತನಿಖೆಗೆ ತೆಗೆದುಕೊಂಡ ಹಲವು ಕಾರುಗಳ ದಾಖಲೆ ಪೆಟ್ಟಿಗೆ ತೆರೆದಾಗ, ಚಾಲಕ ಬ್ರೇಕನ್ನು ತುಳಿದೇ ಇರಲಿಲ್ಲ ಎಂಬುದೂ ಬೆಳಕಿಗೆ ಬಂತು. ಆದರೂ ನೆಲಹಾಸು ಮತ್ತು ಅಂಟಿಕೊಳ್ಳುವ ಪೆಡಲಿನ ತೊಂದರೆ ಕುರಿತು ಗ್ರಾಹಕರ ದಾರಿ ತಪ್ಪಿಸಿದ್ದಕ್ಕಾಗಿ ಕಂಪನಿ 2014ರಲ್ಲಿ 120 ಕೋಟಿ ಡಾಲರ್ ತೆತ್ತಿತು. ಆಕ್ಷೇಪ ಇದ್ದದ್ದು ದೋಷದ ಮೇಲಷ್ಟೇ ಅಲ್ಲ, ಅದನ್ನು ಮುಚ್ಚಿಟ್ಟದ್ದರ ಮೇಲೆ.

ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ಕಂಪನಿಗೆ ಆದೇಶಿಸುವ ಅಧಿಕಾರ ನಮ್ಮ ಕೇಂದ್ರ ಸರ್ಕಾರಕ್ಕೆ ಬಂದದ್ದು 2019ರ ತಿದ್ದುಪಡಿಯಿಂದ. ಅದೇ ವರ್ಷದ ಗ್ರಾಹಕ ಸಂರಕ್ಷಣಾ ಕಾಯ್ದೆ ಕೆಟ್ಟ ಸರಕಿನಿಂದಾದ ಹಾನಿಗೆ ತಯಾರಕನನ್ನು ಹೊಣೆಯಾಗಿಸಿತು. ಕಾರ್ಡೋಜೋ ಅವರ ತೀರ್ಪಿನ ತರ್ಕ ನಮ್ಮ ಕಾಯ್ದೆ ಪುಸ್ತಕ ಸೇರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಕೊಳವೆಯ ತುಕ್ಕು ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲ, ಟೈರು ಒಂದೇ ದಿನದಲ್ಲಿ ಸವೆಯುವುದಿಲ್ಲ. ಕಾರ್ಖಾನೆಯಲ್ಲೋ ಗ್ಯಾರೇಜಿನಲ್ಲೋ ಮಾಲೀಕನ ಲೆಕ್ಕದ ಪುಸ್ತಕದಲ್ಲೋ ಯಾರೋ ಒಬ್ಬರು 'ಇನ್ನೊಂದು ಟ್ರಿಪ್ಪು ಆಗಲಿ' ಎಂದಿರುತ್ತಾರೆ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡುವ ನಾವು ಅದೇ ದಿನ ಬ್ರೇಕ್ ದ್ರವವನ್ನೂ ಬದಲಿಸಿದರೆ ಪೂಜೆಗೇನೂ ಕೊರತೆಯಾಗದು. ಇನ್ನು ಮುಂದೆ 'ಬ್ರೇಕ್ ಫೇಲ್ ಆಯಿತು' ಎಂಬ ಸುದ್ದಿ ಓದಿದಾಗ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಬ್ರೇಕನ್ನು ಕೊನೆಯ ಬಾರಿ ಬಿಚ್ಚಿ ನೋಡಿದ್ದು ಯಾವಾಗ, ನೋಡಬೇಕಾಗಿದ್ದವರು ಯಾರು?